ಹೇಳಲು ಬಂದ ಗಾಡಿ, ಕೇಳಲು ಬಾರದ ಗಾಡಿ

ನರಗುಂದದಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ದಾಟುವ ಮುದುಕಿಯೊಬ್ಬಳನ್ನು ಮೊನ್ನೆ ನೋಡುತ್ತ ನಿಂತಿದ್ದೆ. ತಲೆಯ ಮೇಲೆ ಮೇವಿನ ಹೊರೆ. ಒಂದು ಕೈ ಹೊರೆಗೆ ಆನಿಸಿದೆ, ಇನ್ನೊಂದು ಖಾಲಿ. ಎಡ ಬಲ ನೋಡಿ ದಾಟಬೇಕೆಂದು ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ, ಹೊರೆ ಹೊತ್ತವರ ಕತ್ತು ಹಾಗೆ ತಿರುಗುವುದಿಲ್ಲ. ಅವಳು ಖಾಲಿ ಕೈಯನ್ನು ಸೊಂಟದ ಮಟ್ಟಕ್ಕೆ ಚಾಚಿ, ಅಂಗೈಯನ್ನು ಬರುವ ಲಾರಿಯ ಕಡೆ ಹಿಡಿದು, ರಸ್ತೆಗೆ ಇಳಿದೇಬಿಟ್ಟಳು. ಲಾರಿಯ ಗೇರು ಇಳಿದ ಸದ್ದು ಕೇಳಿತು. ಕ್ಲೀನರ್ ಹುಡುಗ ಎಡಗಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬಾಗಿಲ ತಗಡು ಬಡಿದ.

"ಏ ಯವ್ವಾ, ಲಗೂ ದಾಟ್ ಬೇ!"

"ತಡಿಯೋ ನಮ್ಮಪ್ಪಾ, ನಿನಗೇನ್ ಹೊತ್ ಮುಳಗತೈತಿ?"

ಲಾರಿ ಪೂರ್ತಿ ನಿಲ್ಲಲಿಲ್ಲ. ಅವಳೂ ಓಡಲಿಲ್ಲ. ಅದು ಉರುಳುತ್ತಲೇ ಇತ್ತು, ಇವಳು ನಡೆಯುತ್ತಲೇ ಇದ್ದಳು. ನಡುವಿನ ಅಂತರ ಮಾತ್ರ ಇಬ್ಬರ ಲೆಕ್ಕಕ್ಕೂ ಸರಿಹೋಯಿತು. ಐದಾರು ಸೆಕೆಂಡಿನ ವ್ಯವಹಾರ. ಡ್ರೈವರನ ಮುಖವನ್ನು ಅವಳು ನೋಡಲೇ ಇಲ್ಲ.

ಇಂಥದನ್ನು ಕಂಡು ತಲೆ ಚಚ್ಚಿಕೊಳ್ಳುವ ಓದಿದ ಮಂದಿ ನಮ್ಮಲ್ಲಿ ಬಹಳ. "ನಮ್ಮ ಜನಕ್ಕೆ ಶಿಸ್ತಿಲ್ಲ" ಎನ್ನುವುದು ಅವರ ಹಳೆಯ ಪಲ್ಲವಿ. ಈಗ ಅದಕ್ಕೊಂದು ಹೊಸ ಚರಣ ಸೇರಿದೆ. ಚಾಲಕನಿಲ್ಲದ ಕಾರು ಬರುತ್ತದೆಯಂತೆ. ಅದಕ್ಕೆ ಸಿಟ್ಟಿಲ್ಲ, ನಿದ್ದೆಯಿಲ್ಲ, ಕುಡಿತವಿಲ್ಲ. ಅದು ತಾನು ಏನು ಮಾಡಲಿದ್ದೇನೆ ಎಂಬುದನ್ನು ದೀಪದಿಂದಲೋ ಅಕ್ಷರದಿಂದಲೋ ಚಿತ್ರದಿಂದಲೋ ಮೊದಲೇ ಹೇಳಿಬಿಡುತ್ತದೆ. ನಡೆಯುವವನು ಅದನ್ನು ಓದಿಕೊಂಡು ಅದರಂತೆ ನಡೆದರೆ ಸಾಕು, ರಸ್ತೆಯ ಜಗಳ ಮುಗಿಯಿತು. ಇಂಜಿನಿಯರುಗಳು ಈ ಮಾತನ್ನು ಪ್ರಬಂಧವಾಗಿ ಬರೆಯುತ್ತಾರೆ, ಪತ್ರಿಕೆಗಳು ಬಣ್ಣದ ಚಿತ್ರದ ಸಮೇತ ಅಚ್ಚು ಹಾಕುತ್ತವೆ, ನಾವು "ನಮ್ಮ ದೇಶಕ್ಕೆ ಇದು ಯಾವಾಗ ಬರುತ್ತದೋ" ಎಂದು ನಿಟ್ಟುಸಿರು ಬಿಡುತ್ತೇವೆ. ಈ ಇಡೀ ವಿಚಾರ ತಪ್ಪು ಎಂದು ನನ್ನ ವಾದ. ನಮ್ಮ ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡದ ರಸ್ತೆಗಳಿಗೆ ಒಗ್ಗದು ಎಂಬಷ್ಟಕ್ಕೆ ನಾನು ನಿಲ್ಲುವುದಿಲ್ಲ. ಅದು ಹುಟ್ಟಿದ ಊರಿಗೂ ತಪ್ಪೇ.

ಮೊದಲು ಈ ಇಂಜಿನಿಯರುಗಳು ಕಟ್ಟಿದ್ದನ್ನು ನೋಡೋಣ. 2015ರಲ್ಲಿ ಮರ್ಸಿಡಿಸ್ ಕಂಪನಿ ಎಫ್ 015 ಎಂಬ ಮಾದರಿ ಕಾರು ತೋರಿಸಿತು. ಅದು ತನ್ನ ಮುಂದಿನ ನೆಲದ ಮೇಲೆ ಲೇಸರ್ ಬೆಳಕಿನಿಂದ ಜೀಬ್ರಾ ಪಟ್ಟಿ ಬರೆದು "ದಾಟು" ಎನ್ನುತ್ತದೆ. ಅದೇ ವರ್ಷ ನಿಸಾನ್ ತನ್ನ ಮಾದರಿ ಕಾರಿನ ಗಾಜಿನ ಹಿಂದಿನ ಪರದೆಯಲ್ಲಿ "ನೀವು ಮೊದಲು" ಎಂಬರ್ಥದ ಅಕ್ಷರ ಮೂಡಿಸಿತು. 2016ರಲ್ಲಿ ಸ್ವೀಡನ್ನಿನ ಸೆಮ್‌ಕಾನ್ ಸಂಸ್ಥೆ ನಗುವ ಕಾರು ತಂದಿತು, ನಡೆಯುವವರನ್ನು ಕಂಡರೆ ಮೂತಿಯ ಮೇಲೆ ಬೆಳಕಿನ ಗೆರೆಯೊಂದು ತುಟಿಯಂತೆ ಬಾಗುತ್ತದೆ. 2018ರಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕಂಪನಿ ಒಂದು ಗಾಡಿಗೆ ಎರಡು ದೊಡ್ಡ ಗುಂಡುಕಣ್ಣು ಕೂರಿಸಿ, ಅವು ದಾಟುವವನ ಕಡೆ ಹೊರಳುವಂತೆ ಮಾಡಿತು. ಎಲ್ಲಕ್ಕಿಂತ ಮೋಜಿನದು ಫೋರ್ಡ್ ಮತ್ತು ವರ್ಜೀನಿಯಾ ಟೆಕ್ 2017ರಲ್ಲಿ ಮಾಡಿದ್ದು. ಡ್ರೈವರನಿಗೆ ಸೀಟಿನ ಹಾಗೆ ಕಾಣುವ ಗವಸು ತೊಡಿಸಿ, ಕಾರಿನಲ್ಲಿ ಯಾರೂ ಇಲ್ಲವೆಂದು ಜನ ನಂಬುವಂತೆ ಮಾಡಿ, ಗಾಜಿನ ಮೇಲಿನ ದೀಪದ ಪಟ್ಟಿಗೆ ಜನ ಏನು ಮಾಡುತ್ತಾರೆಂದು ಪರೀಕ್ಷಿಸಿದರು. ನಮ್ಮ ಹಗಲುವೇಷದವರೂ ಸೀಟಿನ ವೇಷ ಹಾಕಿರಲಿಕ್ಕಿಲ್ಲ. ಈಚೆಗೆ ಹಸಿರುನೀಲಿ ಬಣ್ಣದ ದೀಪವೊಂದು ಬಂದಿದೆ. ಅದು ಹೊತ್ತಿದ್ದರೆ ಗಾಡಿ ತಾನಾಗಿ ಓಡುತ್ತಿದೆ ಎಂದು ಅರ್ಥ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳು 2023ರ ಕೊನೆಗೆ ಅದಕ್ಕೆ ಒಪ್ಪಿಗೆ ಕೊಟ್ಟವು.

ಜಾಣತನಕ್ಕೆ ಕೊರತೆಯೇನಿಲ್ಲ. ಆದರೆ ಇಷ್ಟರಲ್ಲಿ ಒಂದಕ್ಕಾದರೂ ಕಿವಿ ಇದೆಯೇ? ಪರದೆ, ತುಟಿ, ಗುಂಡುಕಣ್ಣು, ಎಲ್ಲವೂ ಹೇಳುವ ಸಾಮಾನು. ಗುಂಡುಕಣ್ಣೂ ನೋಡುವುದಕ್ಕಲ್ಲ, ನೋಡಿದೆ ಎಂದು ತೋರಿಸುವುದಕ್ಕೆ. ಡಂಗುರ ಸಾರುವವನು ಊರಿನವರ ಜೊತೆ ಮಾತನಾಡುತ್ತಿದ್ದಾನೆ ಎಂದು ಯಾರಾದರೂ ಅನ್ನುತ್ತಾರೆಯೇ?

ಅದೂ ಎಂಥ ಡಂಗುರ! ಅಕ್ಷರವಾದರೆ ಯಾವ ಅಕ್ಷರ? 2011ರ ಜನಗಣತಿಯ ಪ್ರಕಾರ ಗದಗ ಜಿಲ್ಲೆಯಲ್ಲಿ ಓದಲು ಬರುವವರು ಹತ್ತಿರಹತ್ತಿರ ಮುಕ್ಕಾಲು ಪಾಲು. ಉಳಿದ ಕಾಲು ಪಾಲಿನವರೇ ಹೆಚ್ಚು ನಡೆಯುವವರು, ಹೊರೆ ಹೊರುವವರು, ವಯಸ್ಸಾದವರು. ದೀಪವಾದರೆ, ದೀಪಕ್ಕೆ ಊರೂರಿಗೆ ಒಂದೊಂದು ಅರ್ಥ. ಹೆಡ್‌ಲೈಟ್ ಮಿಣುಕಿಸಿದರೆ ಇಂಗ್ಲೆಂಡಿನಲ್ಲಿ "ನೀವು ಹೋಗಿ" ಎಂದು ತಿಳಿಯುವುದು ವಾಡಿಕೆ. ರೋಣದ ರಸ್ತೆಯಲ್ಲಿ ಅದೇ ಮಿಣುಕಿಗೆ "ನಾ ನಿಲ್ಲಾಂವಲ್ಲ, ನೀ ಸರಿ" ಎಂದರ್ಥ. ಲಾರಿಯ ಬಲಗಡೆ ಇಂಡಿಕೇಟರ್ ಹೊತ್ತಿದರೆ ಅವನು ಬಲಕ್ಕೆ ಹೊರಳುತ್ತಾನೋ, ಎದುರಿಗೆ ಗಾಡಿ ಬರುತ್ತಿದೆ ತಡೆ ಎನ್ನುತ್ತಿದ್ದಾನೋ ಎಂಬುದು ರಸ್ತೆ, ಹೊತ್ತು, ವೇಗ ನೋಡಿ ಮಾಡಿಕೊಳ್ಳಬೇಕಾದ ಅರ್ಥ. ಜೊತೆಗೆ ಮಧ್ಯಾಹ್ನದ ಬಿಸಿಲು. ಎರೆನೆಲದ ಏಪ್ರಿಲ್ ಬಿಸಿಲಿನಲ್ಲಿ ನಿಮ್ಮ ಮೊಬೈಲಿನ ಪರದೆಯೇ ನಿಮಗೆ ಕಾಣುವುದಿಲ್ಲ. ದೂಳು ಮೆತ್ತಿದ ಬಂಪರಿನ ಮೇಲಿನ ತೆಳು ನಗು ಕಾಣುತ್ತದೆಯೇ?

ಇಲ್ಲಿ ನನ್ನ ಕಡೆಯವರಿಗೂ ಒಂದು ಮಾತು ಹೇಳಬೇಕು. ಯಂತ್ರವನ್ನು ವಿರೋಧಿಸುವವರು ಸಾಮಾನ್ಯವಾಗಿ ಕಣ್ಣಿನ ಮಾತು ತೆಗೆಯುತ್ತಾರೆ. ಮನುಷ್ಯ ಮನುಷ್ಯನ ಕಣ್ಣು ನೋಡುತ್ತಾನೆ, ಕಣ್ಣಲ್ಲೇ ಒಪ್ಪಂದವಾಗುತ್ತದೆ, ಯಂತ್ರಕ್ಕೆ ಕಣ್ಣಿಲ್ಲ, ಹೀಗೆ. ಕೇಳಲು ಚೆಂದ, ನಿಜವಲ್ಲ. ಅಮೆರಿಕದ ಎಂಐಟಿಯ ಸಂಶೋಧಕರು 2019ರಲ್ಲಿ ಇದನ್ನು ಅಳೆದರು. ಗಾಡಿ 15 ಮೀಟರ್ ದೂರದಲ್ಲಿರುವಾಗ ಶೇ 90ಕ್ಕೂ ಹೆಚ್ಚು ಮಂದಿಗೆ ಡ್ರೈವರನ ನೋಟ ಯಾವ ಕಡೆಗಿದೆ ಎಂದು ಹೇಳಲಾಗಲಿಲ್ಲ. 30 ಮೀಟರಿನಲ್ಲಿ ಅಷ್ಟೇ ಮಂದಿಗೆ ಡ್ರೈವರನೇ ಕಾಣಲಿಲ್ಲ. ದಾಟುವ ನಿರ್ಧಾರ ಮಾಡಬೇಕಾದದ್ದು ಆ ದೂರದಲ್ಲೇ. ನರಗುಂದದ ಮುದುಕಿಗೆ ಈ ಅಧ್ಯಯನ ಬೇಕಿರಲಿಲ್ಲ. ಅವಳು ಗೇರು ಇಳಿದದ್ದನ್ನು ಕಿವಿಯಲ್ಲಿ ಕೇಳಿದಳು. ಬ್ರೇಕು ಬಿದ್ದಾಗ ಲಾರಿಯ ಮೂತಿ ಒಂದಿಷ್ಟು ಮುಂದಕ್ಕೆ ಬಾಗುತ್ತದಲ್ಲ, ನಮ್ಮವರು ಓದುವುದು ಅದನ್ನು. ಗಾಡಿಯ ನಿಜವಾದ ಮಾತು ಅದರ ವೇಗ. ಹಾಗಿದ್ದಮೇಲೆ ಕಣ್ಣಿಗೆ ಬದಲು ಪ್ಲಾಸ್ಟಿಕ್ ಕಣ್ಣು ಕೂರಿಸಿದವರು ಇಲ್ಲದ ರೋಗಕ್ಕೆ ಮದ್ದು ಅರೆದಂತಾಯಿತು. ಎರಡೂ ಕಡೆಯವರು ಸೇರಿ ಒಂದೇ ತಪ್ಪು ಮಾಡಿದ್ದಾರೆ.

ವೇಗ ಗಾಡಿಯ ಮಾತಾದರೆ ನಡೆಯುವವನ ಮಾತು ಯಾವುದು? ಈ ಪ್ರಶ್ನೆಗೆ ಉತ್ತರ ಬೇಕಿದ್ದರೆ ಗಜೇಂದ್ರಗಡದ ಗುಡ್ಡದ ತಿರುವಿನಲ್ಲಿ ಕುರಿಹಿಂಡಿನ ಹಿಂದೆ ಒಮ್ಮೆ ಗಾಡಿ ನಿಲ್ಲಿಸಬೇಕು. ಕುರಿಗಾರ ಹಿಂಡಿನ ಮುಂದೆ ಇರುವುದಿಲ್ಲ, ಹಿಂದಿನ ಮಗ್ಗುಲಲ್ಲಿರುತ್ತಾನೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಅವನು ಕೋಲನ್ನು ಅಡ್ಡ ಹಿಡಿದರೆ ನೀವು ನಿಲ್ಲಬೇಕು. ಕೋಲು ಕೆಳಗಿಳಿಸಿ ತುದಿಯನ್ನು ಸ್ವಲ್ಪ ಅಲ್ಲಾಡಿಸಿದ ಎನ್ನಿ, ಆಗ ನಿಂತರೆ ತಪ್ಪು. ಮೆಲ್ಲಗೆ ಬಂದರೇನೇ ಕುರಿಗಳು ಗಾಡಿಯ ಎರಡೂ ಮಗ್ಗುಲಿಗೆ ಸೀಳಿಕೊಂಡು ಹೋಗುತ್ತವೆ. ಮುಂದಿನ ಟಗರು ರಸ್ತೆ ದಾಟಿತೋ, ಉಳಿದ ನೂರೂ ದಾಟುತ್ತವೆ, ಆಮೇಲೆ ನಡುವೆ ನುಗ್ಗುವ ಹಾಗಿಲ್ಲ. ಟಗರು ಇನ್ನೂ ಅನುಮಾನಿಸುತ್ತಿದ್ದರೆ ಜಾಗ ನಿಮ್ಮದು. ಇದನ್ನೆಲ್ಲ ನಮ್ಮ ಟಂಟಂ ಹೊಡೆಯುವ ಹುಡುಗ ಬರೆದಿಟ್ಟುಕೊಂಡಿಲ್ಲ. ಕುರಿಗಾರ ಕೂಡ ಅವನ ಮುಖ ನೋಡಿ ಹೇಳುವುದಿಲ್ಲ. ಬಹಳ ಸಲ ಅವನು ಗಾಡಿಗೆ ಬೆನ್ನು ಮಾಡಿಯೇ ಇರುತ್ತಾನೆ, ಇಂಜಿನ್ನಿನ ಸದ್ದಿನ ಮೇಲೆ ದೂರ ಲೆಕ್ಕ ಹಾಕಿ ಕೋಲು ಎತ್ತುತ್ತಾನೆ.

ಅಂದರೆ ಇಲ್ಲಿ ಮೊದಲ ಮಾತು ನಡೆಯುವವನದು. ಗಾಡಿಯದು ಉತ್ತರ. ಇಂಜಿನಿಯರುಗಳ ಪರದೆ ಈ ಸರದಿಯನ್ನೇ ತಲೆಕೆಳಗು ಮಾಡುತ್ತದೆ. ಗಾಡಿ ಮೊದಲು ಹೇಳುತ್ತದೆ, ನಡೆಯುವವನು ಪಾಲಿಸುತ್ತಾನೆ.

ಕಳೆದ ಸುಗ್ಗಿಯಲ್ಲಿ ಬೀಗರೊಬ್ಬರ ಹೊಸ ಕಾರಿನಲ್ಲಿ ನವಲಗುಂದ ದಾಟಿ ನರಗುಂದದ ಕಡೆ ಬರುತ್ತಿದ್ದೆವು. ಕಂಪನಿಯ ಹೆಸರು ಬೇಡ. ತಾನಾಗಿ ಬ್ರೇಕು ಹಾಕುವ, ತಾನಾಗಿ ಅಂತರ ಕಾಯುವ ಕಾರು. ರಸ್ತೆಯ ಅಂಚಿನಲ್ಲಿ ಒಬ್ಬ ರೈತ ಕಡಲೆ ಹರವಿ, ಸುತ್ತ ಕಲ್ಲು ಇಟ್ಟು, ಕಸಬರಿಗೆ ಹಿಡಿದು ನಿಂತಿದ್ದ. ನಮ್ಮನ್ನು ನೋಡಿ ಕಸಬರಿಗೆಯನ್ನು ಬಲಕ್ಕೆ ಬೀಸಿದ. ಆ ಕಡೆಯಿಂದ ಬನ್ನಿ, ಎದುರಿಗೆ ಯಾರೂ ಇಲ್ಲ ಎಂದರ್ಥ. ಬೀಗರು ತಿಳಿದುಕೊಂಡು ಬಲಕ್ಕೆ ತಿರುಗಿಸುವಷ್ಟರಲ್ಲಿ ಕಾರು ಆ ಕಸಬರಿಗೆಯನ್ನು ಏನೆಂದು ತಿಳಿಯಿತೋ, ಕೂಗು ಹಾಕಿ ಗಕ್ಕನೆ ನಿಂತಿತು. ಹಿಂದೆ ಬರುತ್ತಿದ್ದ ಟಂಟಂ ನಮಗೆ ಹೊಡೆಯದೆ ಹೋದದ್ದು ಆ ಡ್ರೈವರನ ಪುಣ್ಯ. ಬೀಗರು ಗುಂಡಿ ಹುಡುಕಿ ಒತ್ತಿದರು. "ಬಂದ್ ಮಾಡಿಬಿಡ್ತೀನ್ರಿ ಇದನ್ನ, ಸುಮ್ನ ಜೀವಾ ತಿಂತೈತಿ." ಲಕ್ಷಗಟ್ಟಲೆ ಕೊಟ್ಟು ತಂದ ಬುದ್ಧಿ ಹಾಗೆ ಮಲಗಿತು.

ರಸ್ತೆಯಲ್ಲಿ ರಾಶಿ ಮಾಡುವುದನ್ನು ನಾನು ಹೊಗಳುತ್ತಿಲ್ಲ. ಬೈಕು ಜಾರಿ ಬಿದ್ದವರನ್ನು ನೋಡಿದ್ದೇನೆ; ಹುರುಳಿಯ ಹೊಟ್ಟು ಚಕ್ರಕ್ಕೆ ಸುತ್ತಿಕೊಂಡು ಕಾರಿಗೆ ಬೆಂಕಿ ಹತ್ತಿದ ಸುದ್ದಿ ಓದಿದ್ದೇನೆ. ಕಣ ಮಾಡಲು ಜಾಗವಿಲ್ಲದ ಸಣ್ಣ ರೈತ ಡಾಂಬರಿಗೆ ಬಂದಿದ್ದಾನೆ, ಅದು ಬೇರೆಯೇ ಕತೆ. ಆದರೆ ಆ ಕಸಬರಿಗೆಯ ಬೀಸಿನಲ್ಲಿ ಒಂದು ವಾಕ್ಯವಿತ್ತು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಇದ್ದ ವಾಕ್ಯ. ಅದನ್ನು ಕಾರು ಅಡ್ಡಿ ಎಂದು ಓದಿತು.

ನಮ್ಮವರು ಪ್ರಯತ್ನವನ್ನೇ ಮಾಡಿಲ್ಲ ಎಂದರೆ ಅನ್ಯಾಯವಾದೀತು. ಹೈದರಾಬಾದಿನ ಐಐಐಟಿ ಮತ್ತು ಇಂಟೆಲ್ ಸೇರಿ 2018ರಲ್ಲಿ ಭಾರತದ ರಸ್ತೆಗಳ ಚಿತ್ರಸಂಗ್ರಹವೊಂದನ್ನು ಹೊರತಂದವು. ಹೈದರಾಬಾದ್, ಬೆಂಗಳೂರು ಮತ್ತು ಅವುಗಳ ಹೊರವಲಯದಲ್ಲಿ ಓಡಾಡಿ ತೆಗೆದ 10,000 ಚಿತ್ರಗಳು, 34 ವರ್ಗಗಳು. ಯುರೋಪಿನ ಪಟ್ಟಿಗಳಲ್ಲಿ ಇಲ್ಲದ ಆಟೋರಿಕ್ಷಾಕ್ಕೂ ಪ್ರಾಣಿಗೂ ಅದರಲ್ಲಿ ಜಾಗ ಸಿಕ್ಕಿತು. ಒಳ್ಳೆಯ ಕೆಲಸ. ಹೆಸರಿಡಲಾಗದ ಗಾಡಿಗಳಿಗೆಲ್ಲ "ಇತರ ವಾಹನ" ಎಂಬಂಥ ಒಂದು ಖಾನೆಯೂ ಅದರಲ್ಲಿದೆ. ನಮ್ಮ ಚಕ್ಕಡಿ ಹೋಗಿ ಕೂರಬೇಕಾದದ್ದು ಆ ಖಾನೆಯಲ್ಲಿ. ಕುರಿಯೂ ಎಮ್ಮೆಯೂ ನಾಯಿಯೂ ಒಂದೇ "ಪ್ರಾಣಿ." ಕುರಿ ಹಿಂಡಾಗಿ ಬರುತ್ತದೆ, ಎಮ್ಮೆ ಒಂದೇ ನಿಂತರೂ ಕದಲುವುದಿಲ್ಲ, ನಾಯಿ ಅರ್ಧ ದಾಟಿ ತಿರುಗಿ ಓಡುತ್ತದೆ ಎಂಬುದು ನಮ್ಮ ಹತ್ತು ವರ್ಷದ ಹುಡುಗನಿಗೂ ಗೊತ್ತು. ವಸ್ತುವಿಗೆ ಹೆಸರು ಹಚ್ಚುವುದು ಬೇರೆ, ಅದು ಏನು ಹೇಳುತ್ತಿದೆ ಎಂದು ತಿಳಿಯುವುದು ಬೇರೆ.

ಹೆಸರು ಹಚ್ಚುವುದರಲ್ಲೇ ಮುಳುಗಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅರಿಜೋನಾದ ಟೆಂಪಿ ಊರಿನ ಒಂದು ರಾತ್ರಿ ಸಾಕ್ಷಿ. 2018ರ ಮಾರ್ಚ್ 18. ಎಲೇನ್ ಹರ್ಜ್‌ಬರ್ಗ್ ಎಂಬ 49 ವರ್ಷದ ಹೆಂಗಸು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದಳು. ಊಬರ್ ಕಂಪನಿಯ ಪರೀಕ್ಷಾರ್ಥ ಕಾರು ಅವಳನ್ನು ಗುದ್ದಿತು, ಅವಳು ತೀರಿಕೊಂಡಳು. ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ: ಗಾಡಿಗೆ ಅವಳು ಕಂಡಿದ್ದಳು, ಗುದ್ದುವ 5.6 ಸೆಕೆಂಡು ಮೊದಲೇ ಕಂಡಿದ್ದಳು. ಆದರೆ ವಾಹನವೋ, ಮತ್ತೇನೋ, ಸೈಕಲ್ಲೋ ಎಂದು ಅದು ಹೆಸರು ಬದಲಿಸುತ್ತಲೇ ಹೋಯಿತು. ಪ್ರತಿಸಲ ಹೆಸರು ಬದಲಾದಾಗಲೂ ಅವಳು ಅಲ್ಲಿತನಕ ನಡೆದು ಬಂದ ದಾರಿ ಅಳಿಸಿಹೋಯಿತು. ಜೀಬ್ರಾ ಪಟ್ಟಿ ಇಲ್ಲದ ಕಡೆ ಮನುಷ್ಯರು ದಾಟಬಹುದು ಎಂಬ ಯೋಚನೆಯೇ ಆ ತಂತ್ರಾಂಶದಲ್ಲಿ ಇರಲಿಲ್ಲ. ಆ ಕಾರಿನ ಮೂತಿಯ ಮೇಲೆ ಎಷ್ಟು ಸುಂದರವಾದ ನಗು ಹಚ್ಚಿದ್ದರೆ ಅವಳು ಉಳಿಯುತ್ತಿದ್ದಳು?

ಐದು ವರ್ಷದ ಮೇಲೆ, 2023ರ ಅಕ್ಟೋಬರ್ 2ರಂದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನುಷ್ಯ ಓಡಿಸುತ್ತಿದ್ದ ಕಾರೊಂದು ಒಬ್ಬ ಹೆಂಗಸನ್ನು ಗುದ್ದಿ, ಅವಳು ಪಕ್ಕದಲ್ಲಿದ್ದ ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ ಬಿದ್ದಳು. ಟ್ಯಾಕ್ಸಿ ಗುದ್ದಿ ನಿಂತಿತು. ಆಮೇಲೆ, ರಸ್ತೆಯ ಅಂಚಿಗೆ ಸರಿಯುವುದೇ ಸುರಕ್ಷಿತ ಎಂದು ತೀರ್ಮಾನಿಸಿ ಸುಮಾರು 20 ಅಡಿ ಮುಂದಕ್ಕೆ ಹೋಯಿತು. ಅವಳು ಅದರ ಕೆಳಗೇ ಇದ್ದಳು. ಅದೇ ತಿಂಗಳು ಕ್ಯಾಲಿಫೋರ್ನಿಯಾ ಅದರ ಪರವಾನಗಿ ಅಮಾನತು ಮಾಡಿತು. 2024ರ ಡಿಸೆಂಬರಿನಲ್ಲಿ ಕ್ರೂಸ್‌ನ ಮಾತೃಸಂಸ್ಥೆ ಜನರಲ್ ಮೋಟರ್ಸ್ ಆ ಟ್ಯಾಕ್ಸಿ ಉದ್ಯಮದಿಂದಲೇ ಕೈ ತೆಗೆಯಿತು. ನಮ್ಮ ಯಾವುದೇ ಊರಿನಲ್ಲಿ ಹೀಗಾಗಿದ್ದರೆ ಸುತ್ತಲಿನ ಹತ್ತು ಜನ ಬಾನೆಟ್ಟು ಬಡಿದು ಚೀರುತ್ತಿದ್ದರು, ಡ್ರೈವರನ ಕಾಲು ಬ್ರೇಕಿನಿಂದ ಕದಲುತ್ತಿರಲಿಲ್ಲ. ಚೀರಾಟ ಕೂಡ ರಸ್ತೆಯ ಭಾಷೆಯ ಭಾಗ. ಆ ಗಾಡಿಯ ಮೈಗೆ ಅದು ತಾಗಲಿಲ್ಲ.

ಈಗ ಶಿಸ್ತಿನ ಮಾತಿಗೆ ಬರುತ್ತೇನೆ, ನನ್ನ ಸಿಟ್ಟು ಇರುವುದೇ ಅಲ್ಲಿ. 2018ರಲ್ಲಿ ಆಂಡ್ರ್ಯೂ ಇಂಗ್ ಎಂಬ ಹೆಸರಾಂತ ಕೃತಕ ಬುದ್ಧಿಮತ್ತೆ ತಜ್ಞರು, ಸ್ವಯಂಚಾಲಿತ ಗಾಡಿಗಳು ಯಶಸ್ವಿಯಾಗಬೇಕಾದರೆ ಜನರಿಗೂ ನಿಯಮ ಪಾಲಿಸಿ, ಸ್ವಲ್ಪ ಹೊಂದಿಕೊಳ್ಳಿ ಎಂದು ಹೇಳಬೇಕಾಗುತ್ತದೆ ಎಂಬರ್ಥದ ಮಾತಾಡಿದರು. ರೊಬಾಟಿಕ್ಸ್‌ನ ಹಿರಿಯ ರಾಡ್ನಿ ಬ್ರೂಕ್ಸ್ ಅದನ್ನು ಕಟುವಾಗಿಯೇ ಟೀಕಿಸಿದರು. ಮಾತು ಹೊಸದಲ್ಲ. 1920ರ ದಶಕದಲ್ಲಿ ಕಾರು ಅಮೆರಿಕದ ಬೀದಿಗಳಿಗೆ ನುಗ್ಗಿ ಮಕ್ಕಳನ್ನು ಕೊಲ್ಲತೊಡಗಿದಾಗ ಮೊದಲು ಜನ ಬೈದದ್ದು ಕಾರನ್ನು. ಕಾರು ಮಾರುವವರು ಸುಮ್ಮನಿರಲಿಲ್ಲ. ಎಲ್ಲೆಂದರಲ್ಲಿ ದಾಟುವವನಿಗೆ "ಜೇವಾಕರ್" ಎಂಬ ಬೈಗುಳ ಹಚ್ಚಿದರು. ಜೇ ಎಂದರೆ ಅವರ ಆಗಿನ ಆಡುಮಾತಿನಲ್ಲಿ ಹಳ್ಳಿಗಮಾರ. 1925ರಲ್ಲಿ ಲಾಸ್ ಏಂಜಲೀಸ್ ಅದನ್ನು ಕಾನೂನಿಗೇ ಇಳಿಸಿತು. ಬೀದಿ ಎಲ್ಲರದಾಗಿದ್ದದ್ದು ಗಾಡಿಯದಾಯಿತು, ನಡೆಯುವವನು ಅದರಲ್ಲಿ ನುಸುಳುಕೋರನಾದ. ಇತಿಹಾಸಕಾರ ಪೀಟರ್ ನಾರ್ಟನ್ 2008ರ ತಮ್ಮ ಪುಸ್ತಕದಲ್ಲಿ ಇದನ್ನು ಎಳೆಎಳೆಯಾಗಿ ಬಿಡಿಸಿದ್ದಾರೆ. ಅದಕ್ಕೂ ಹಿಂದೆ, 1865ರಲ್ಲಿ, ಬ್ರಿಟನ್ನಿನ ಕಾನೂನು ಯಂತ್ರದ ಗಾಡಿಯ ಮುಂದೆ ಒಬ್ಬ ಮನುಷ್ಯ ಕೆಂಪು ಬಾವುಟ ಹಿಡಿದು ನಡೆಯಬೇಕೆಂದಿತ್ತು. ಅರುವತ್ತು ವರ್ಷದಲ್ಲಿ ಹೊಣೆ ಹೇಗೆ ಗಾಡಿಯ ಮೂತಿಯಿಂದ ಇಳಿದು ನಡೆಯುವವನ ಹೆಗಲೇರಿತು ನೋಡಿ. ಈಗ ಪರದೆಯವರು ಮಾಡಹೊರಟದ್ದೂ ಅದೇ. "ನಾವು ಹೇಳಿದ್ದೆವು, ಅವನು ಓದಲಿಲ್ಲ" ಎಂದು ನ್ಯಾಯಾಲಯದಲ್ಲಿ ಹೇಳಲು ಆ ದೀಪ ಬಹಳ ಅನುಕೂಲ.

ಜೇವಾಕಿಂಗಿಗೆ ಕನ್ನಡದಲ್ಲಿ ಪದವೇ ಇಲ್ಲ. ಇರಲು ಸಾಧ್ಯವೂ ಇಲ್ಲ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿಯ ಹಳ್ಳಿಗಳಲ್ಲಿ ಶಾಲೆ ರಸ್ತೆಯ ಒಂದು ಕಡೆ, ಮನೆ ಇನ್ನೊಂದು ಕಡೆ. ನೀರಿನ ಟ್ಯಾಂಕು ಈಚೆ, ದನದ ಹಟ್ಟಿ ಆಚೆ. ರಸ್ತೆ ಊರಿನ ಅಂಗಳದಲ್ಲಿ ಬಂದು ಬಿದ್ದಿದೆ. ಪಟ್ಟಿ ಬಳಿಯದ ರಸ್ತೆಯಲ್ಲಿ ಪಟ್ಟಿ ಮೀರಿದ ಎಂದು ಯಾರನ್ನು ಹಿಡಿಯುತ್ತೀರಿ? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಾದಚಾರಿ ಮಾರ್ಗ ಎಂಬುದು ಸಂವಿಧಾನದ 21ನೇ ವಿಧಿಯ ಹಕ್ಕು ಎಂದು ಹೇಳಬೇಕಾಯಿತು, ಅಷ್ಟರಮಟ್ಟಿಗೆ ಅದು ನಮ್ಮಲ್ಲಿ ಇಲ್ಲ. ಗಜೇಂದ್ರಗಡದ ಕಾಲಕಾಲೇಶ್ವರ ವೃತ್ತದಲ್ಲಿ ಸಂತೆಯ ದಿನ ನಿಂತು ನೋಡಿದರೆ ಅವ್ಯವಸ್ಥೆ ಎಂಬ ಪದ ಬಾಯಿಗೆ ಬರುತ್ತದೆ. ಅರ್ಧ ಗಂಟೆ ನಿಂತಿರಿ. ತರಕಾರಿ ಬುಟ್ಟಿಯವಳು, ಸೀರೆಯ ಗಂಟು ಹೊತ್ತ ನೇಕಾರ, ಟ್ರ್ಯಾಕ್ಟರು, ಶಾಲೆಯ ಮಕ್ಕಳು, ಸಾರಿಗೆ ಸಂಸ್ಥೆಯ ಬಸ್ಸು ಒಂದರೊಳಗೊಂದು ಹಾಯ್ದು ಹೋಗುವುದರಲ್ಲಿ ಲೆಕ್ಕ ಕಾಣತೊಡಗುತ್ತದೆ. ಭಾಷೆ ಬಾರದ ಊರಿಗೆ ಹೋದವನಿಗೆ ಎಲ್ಲರೂ ಗಲಾಟೆ ಮಾಡುತ್ತಿದ್ದಾರೆ ಎಂದೇ ಅನಿಸುತ್ತದಲ್ಲವೇ?

ಎದುರುವಾದಿಗಳ ಬಲವಾದ ಬಾಣ ಒಂದಿದೆ, ಅದನ್ನು ಬಚ್ಚಿಡುವುದು ನ್ಯಾಯವಲ್ಲ. ಇಷ್ಟು ಚೆಂದದ ಭಾಷೆ ಇದ್ದೂ ಜನ ಸಾಯುತ್ತಿದ್ದಾರಲ್ಲ ಎನ್ನುತ್ತಾರೆ. ಸಾಯುತ್ತಿದ್ದಾರೆ. ಕೇಂದ್ರ ಸರ್ಕಾರದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅವರಲ್ಲಿ ಪಾದಚಾರಿಗಳು 32,825. ಅದೇ ಹೊತ್ತಿಗೆ ಅಮೆರಿಕದಲ್ಲಿ ವೇಮೊ ಎಂಬ ಚಾಲಕರಹಿತ ಟ್ಯಾಕ್ಸಿ 5.67 ಕೋಟಿ ಮೈಲಿ ಓಡಿದ ಲೆಕ್ಕ ಕೊಟ್ಟು, ಪಾದಚಾರಿಗಳಿಗೆ ಗಾಯವಾದ ಅಪಘಾತ ಮನುಷ್ಯ ಚಾಲಕರಿಗಿಂತ ಶೇ 92ರಷ್ಟು ಕಡಿಮೆ ಎಂದು 2025ರಲ್ಲಿ ಪ್ರಕಟಿಸಿದೆ. ಕಂಪನಿಯದೇ ಲೆಕ್ಕ, ಆದರೂ ತಳ್ಳಿಹಾಕುವಂಥದಲ್ಲ. ನಾನು ಅದನ್ನು ಒಪ್ಪುತ್ತೇನೆ, ಒಪ್ಪಿ ಕೇಳುತ್ತೇನೆ: ಆ ಉಳಿದ ಜೀವಗಳು ಯಾವುದರಿಂದ ಉಳಿದವು? ಗಾಡಿಯ ನೆತ್ತಿಯ ಮೇಲೆ ಮೂಡುವ ಚಿತ್ರದಿಂದಲೋ, ಅನುಮಾನ ಬಂದರೆ ನಿಧಾನಿಸುವ, ಅಡ್ಡ ಬಂದವರಿಗಾಗಿ ನಿಲ್ಲುವ ಗುಣದಿಂದಲೋ? ನನಗೆ ಎರಡನೆಯದೇ ಎನಿಸುತ್ತದೆ. ನಮ್ಮಲ್ಲೂ ಸಾವು ಹೆಚ್ಚು ಎಲ್ಲಿ ಎಂದು ನೋಡಿ. ಊರೊಳಗಿನ ಗಿಜಿಗುಟ್ಟುವ ವೃತ್ತ ಕಂಡರೆ ಭಯವಾಗುತ್ತದೆ, ಕೊಲ್ಲುವುದು ಮಾತ್ರ ಹೆದ್ದಾರಿ. ಗಂಟೆಗೆ 20 ಕಿಲೋಮೀಟರಿನಲ್ಲಿ ಅಂಗೈ ತೋರಿಸಿದರೆ ಅದೊಂದು ಮಾತು. 90ರಲ್ಲಿ ಅದೇ ಅಂಗೈ ಬರೀ ಕೈ. ನಾಲ್ಕು ಪಥ ಮಾಡಿ, ವಿಭಜಕ ಕಟ್ಟಿ, ಊರಿನ ನಡುವೆ ವೇಗ ತುಂಬಿದವರು ಮೊದಲು ಈ ಭಾಷೆಯ ನಾಲಿಗೆ ಕತ್ತರಿಸಿದರು. ಆಮೇಲೆ ನಮ್ಮ ಜನಕ್ಕೆ ಮಾತು ಬರುವುದಿಲ್ಲ ಎಂದರು.

ಗಾಡಿ ತಾನಾಗಿ ಹೇಳುವುದರಲ್ಲಿ ಒಂದನ್ನು ಮಾತ್ರ ನಾನು ಮನಸಾರೆ ಒಪ್ಪುತ್ತೇನೆ, ಸದ್ದನ್ನು. ಬ್ಯಾಟರಿ ಗಾಡಿ ಮೆಲ್ಲಗೆ ಹೋಗುವಾಗ ಸದ್ದೇ ಮಾಡುವುದಿಲ್ಲ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ವಿದ್ಯುತ್ ಕಾರುಗಳೂ ನಿಧಾನ ವೇಗದಲ್ಲಿ ಸದ್ದು ಹೊರಡಿಸಲೇಬೇಕು. ನಮ್ಮಲ್ಲೂ 2025ರಲ್ಲಿ ಅಂಥ ಕರಡು ನಿಯಮ ಹೊರಟಿತು. ಕಣ್ಣು ಕಾಣದವರಿಗೆ, ಬೆನ್ನು ಮಾಡಿ ನಡೆಯುವ ಕುರಿಗಾರನಿಗೆ ಅದು ಬೇಕು. ಅದು ಅಪ್ಪಣೆ ಕೊಡುವ ಸದ್ದಲ್ಲ, ಇದ್ದೇನೆ ಎನ್ನುವ ಸದ್ದು. ಎತ್ತಿನ ಕೊರಳ ಗಂಟೆಯ ಹಾಗೆ.

ದೇಶದಲ್ಲಿ ಈ ವಿಷಯ ಚರ್ಚೆಗೆ ಬಂದದ್ದೇ ವಿಚಿತ್ರ ರೀತಿಯಲ್ಲಿ. 2017ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಚಾಲಕರಹಿತ ಕಾರನ್ನು ಭಾರತಕ್ಕೆ ಬಿಡುವುದಿಲ್ಲ ಎಂದರು, 2023ರಲ್ಲಿ ಮತ್ತೆ ಅಂದರು. ಕಾರಣ, ಡ್ರೈವರುಗಳ ಕೆಲಸ ಹೋಗುತ್ತದೆ. ಸರಿಯಾದ ಕಾಳಜಿಯೇ. ಆದರೆ ಪರವಾಗಿ ಮಾತಾಡಿದವರು, ವಿರೋಧವಾಗಿ ಮಾತಾಡಿದವರು ಎಲ್ಲರೂ ಗಾಡಿಯ ಒಳಗಿನವರ ಬಗ್ಗೆಯೇ ಮಾತಾಡಿದರು. ಗಾಡಿಯ ಮುಂದೆ ನಡೆಯುವವಳನ್ನು ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಕೆಲಸವೇನೂ ನಿಂತಿಲ್ಲ. 2023ರ ಜೂನಿನಲ್ಲಿ ಮೈನಸ್ ಝೀರೊ ಎಂಬ ನವೋದ್ಯಮ ಸ್ಟಿಯರಿಂಗ್ ಇಲ್ಲದ ಗಾಡಿ ತೋರಿಸಿತು. 2025ರ ಅಕ್ಟೋಬರಿನಲ್ಲಿ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ವಿಪ್ರೊ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿದ ವಿರಿನ್ ಕಾರು ಓಡಿತು. ಸ್ವಾಮೀಜಿಯೊಬ್ಬರು ಅದರಲ್ಲಿ ಕೂತ ವಿಡಿಯೊ ಎಲ್ಲರ ಮೊಬೈಲಿಗೂ ಬಂತು. ಅಲ್ಲಿಯೂ ಕ್ಯಾಮೆರಾ ಇದ್ದದ್ದು ಕೂತವರ ಮೇಲೆ.

ಕನ್ನಡದಲ್ಲಿ "ಕೇಳು" ಎಂಬುದಕ್ಕೆ ಎರಡು ಅರ್ಥ: ಪ್ರಶ್ನೆ ಕೇಳುವುದು, ಕಿವಿಯಿಂದ ಕೇಳುವುದು. ನಮ್ಮ ರಸ್ತೆಯಲ್ಲಿ ಇವೆರಡೂ ಒಟ್ಟಿಗೇ ನಡೆಯುತ್ತವೆ. ಬಸ್ಸಿನ ಡ್ರೈವರ್ ಒಂದಿಷ್ಟು ನಿಧಾನಿಸುವುದು ಪ್ರಶ್ನೆ. ದಾಟುವವನು ಒಂದು ಹೆಜ್ಜೆ ಮುಂದಿಡುವುದೋ ಹಿಂದಿಡುವುದೋ ಉತ್ತರ. ಆ ಉತ್ತರಕ್ಕೆ ಕಾಯುವ ತಾಳ್ಮೆಗೆ ಚಾಲನೆ ಎಂದು ಹೆಸರು. ಗಾಡಿ ಕಟ್ಟುವವರು ಪರದೆಗೆ ಸುರಿಯುವ ಹಣವನ್ನು ಇಲ್ಲಿ ಸುರಿಯಲಿ: ಅಂಗೈ, ಕೋಲು, ಕಸಬರಿಗೆ, ಹೆಜ್ಜೆಯ ಅನುಮಾನ, ಇವನ್ನು ಓದುವುದಕ್ಕೆ, ಓದಲಾಗದಿದ್ದರೆ ನಿಧಾನಿಸುವುದಕ್ಕೆ.

ನಡೆಯುವವರ ಮಾತನ್ನು ಕೇಳದವರ ಗತಿ ಏನಾಗುತ್ತದೆಂದು ನರಗುಂದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಅಚ್ಚುಕಟ್ಟಿನ ರೈತರು ಬೀದಿಗಿಳಿದದ್ದು, 2015ರ ಜುಲೈನಿಂದ ಮಹದಾಯಿ ನೀರಿಗಾಗಿ ಮತ್ತೆ ಧರಣಿ ಕೂತದ್ದು ಇದೇ ಊರಿನಲ್ಲಿ. ರಸ್ತೆಯಲ್ಲಿ ಅಡ್ಡ ನಿಲ್ಲುವುದು ನಮ್ಮಲ್ಲಿ ಅಡಚಣೆಯಲ್ಲ, ಅರ್ಜಿ. 2023ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕೆಲವು ಹೋರಾಟಗಾರರು ಚಾಲಕರಹಿತ ಟ್ಯಾಕ್ಸಿಗಳ ಬಾನೆಟ್ಟಿನ ಮೇಲೆ ರಸ್ತೆಯ ಕಿತ್ತಳೆ ಬಣ್ಣದ ಶಂಕು ಇಟ್ಟು ಅವನ್ನು ಇದ್ದಲ್ಲೇ ನಿಲ್ಲಿಸಿದರು. ಆ ಸುದ್ದಿ ಓದಿ ನನಗೆ ನಗು ಬಂತು. ರಸ್ತೆ ತಡೆ ಅಲ್ಲಿಗೂ ತಲುಪಿತಲ್ಲ ಎಂದು.

ಬೆಂಗಳೂರಿನ ಪ್ರಯೋಗಾಲಯದವರಿಗೆ ನನ್ನದೊಂದು ಕರೆ. ಬಾದಾಮಿಯ ಬನಶಂಕರಿ ತೇರಿನ ಹಗ್ಗ ಪ್ರತಿವರ್ಷ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಹಳಿಬಂಡಿಯಲ್ಲಿ ಹೋಗುತ್ತದೆ. ಬನದ ಹುಣ್ಣಿಮೆಯ ಹೊತ್ತಿಗೆ ಆ ದಾರಿ ಚಕ್ಕಡಿ, ಪಾದಯಾತ್ರೆಯ ಜನ, ಹಲಗೆಯ ಸದ್ದು, ಬುತ್ತಿಗಂಟು ಹೊತ್ತ ಹೆಂಗಸರಿಂದ ತುಂಬಿರುತ್ತದೆ. ಅಷ್ಟೊತ್ತಿಗೆ ಬನ್ನಿ. ನಿಮ್ಮ ಕಾರನ್ನು ಬಂಡಿಯ ಹಿಂದೆ ಬಿಡಿ. ದೀಪ ಆರಿಸಿ, ಪರದೆ ಮುಚ್ಚಿ, ಹಾರ್ನ್ ಹೊಡೆಯದೆ ಎಷ್ಟು ದೂರ ಬರುತ್ತದೋ ನೋಡೋಣ. ರೊಟ್ಟಿ, ಕಾಳುಪಲ್ಲೆ, ಶೇಂಗಾ ಚಟ್ನಿ ನಮ್ಮ ಬುತ್ತಿಯಲ್ಲಿರುತ್ತವೆ.